ಪಿಚರ್ ಜೊತೆ ಯಾರೂ ಮಾತಾಡಬಾರದು

ವಿಂಡಮ್ ವೇಲ್‌ನ ನಮ್ಮ ಮನೆಗೆ ನಾಲ್ಕು ಬೆಡ್‌ರೂಮ್. ಇದ್ದವರು ಮೂವರು. ಅದರಲ್ಲೂ ಅಪ್ಪ ಸೋಮವಾರ ಬೆಳಗ್ಗೆ ವಿಮಾನ ಹತ್ತಿ ಸಿಡ್ನಿಗೆ ಹೋದರೆ ಮತ್ತೆ ಮನೆಯ ಬಾಗಿಲು ತೆರೆಯುತ್ತಿದ್ದದ್ದು ಶುಕ್ರವಾರ ಸಂಜೆ. ಹೊಸ ಬಡಾವಣೆ, ಬೀದಿಯಲ್ಲಿ ನೆರಳು ಕೊಡುವ ಒಂದೂ ಮರವಿಲ್ಲ. ಕೌನ್ಸಿಲ್‌ನವರು ನೆಟ್ಟ ಸಸಿಗಳು ಕೋಲಿಗೆ ಕಟ್ಟಿಸಿಕೊಂಡು ಗಾಳಿಗೆ ಬಾಗಿ ನಿಂತಿದ್ದವು. ಅರ್ಧ ಕಟ್ಟಿದ ಮನೆಗಳಿಂದ ಪ್ಲಾಸ್ಟಿಕ್ ಹಾಳೆಗಳು ಹಾರಿಬಂದು ನಮ್ಮ ಬೇಲಿಗೆ ಅಂಟಿಕೊಳ್ಳುತ್ತಿದ್ದವು. ಅಡುಗೆಮನೆ ದೊಡ್ಡದು, ಕಟ್ಟೆಗೆ ಹೊಳೆಯುವ ಕರಿಕಲ್ಲು. ಬಂದವರಿಗೆಲ್ಲ ಅಪ್ಪ ಅದನ್ನು ತಟ್ಟಿ ತೋರಿಸುತ್ತಿದ್ದರು. ಲಾಂಡ್ರಿಯ ಪಕ್ಕದ ನಾಲ್ಕನೆಯ ಕೋಣೆಗೆ ‘ಸ್ಟಡಿ’ ಎಂದು ಹೆಸರು. ಅಲ್ಲಿ ಯಾರೂ ಏನೂ ಓದಿದ್ದನ್ನು ನಾನು ನೋಡಿಲ್ಲ. ಅದರ ಉಪಯೋಗ ಏನೆಂದು ನನಗೆ ಗೊತ್ತಾದದ್ದು ಅಪ್ಪನ ಅಮ್ಮ, ನನ್ನ ಅಜ್ಜಿ, ಉಡುಪಿಯಿಂದ ಬಂದಮೇಲೆ. ಪ್ರತಿ ತಿಂಗಳು ಮುಟ್ಟಿನ ದಿನಗಳಲ್ಲಿ ಅಮ್ಮ ಅಲ್ಲಿ ಮಲಗಬೇಕಾಯಿತು. ಹಗಲೆಲ್ಲ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಹೆಂಗಸು ಮನೆಗೆ ಬಂದರೆ ತನ್ನದೇ ಅಡುಗೆಮನೆಯ ನಲ್ಲಿ ತಿರುಗಿಸುವಂತಿರಲಿಲ್ಲ. ನಾನು ಲೋಟದಲ್ಲಿ ನೀರು ತಂದು ಸ್ಟಡಿಯ ಹೊಸ್ತಿಲಲ್ಲಿ ಇಡಬೇಕು, ಅವಳು ಬಗ್ಗಿ ಎತ್ತಿಕೊಳ್ಳಬೇಕು. ನನಗೆ ಆಗ ಹನ್ನೆರಡು ವರ್ಷ. ಇವತ್ತಿಗೂ ಆರದ ನನ್ನ ಸಿಟ್ಟು ಹುಟ್ಟಿದ್ದು ಆ ಹೊಸ್ತಿಲಲ್ಲಿ.

ಅಮ್ಮ ಮೈಸೂರಿನವಳು. ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದಳು, ಯೂನಿವರ್ಸಿಟಿ ತಂಡಕ್ಕೆ ಕ್ಯಾಚರ್ ಆಗಿದ್ದಳು. ಕ್ಯಾಚರ್ ಎಂದರೆ ಬ್ಯಾಟ್ ಹಿಡಿದವರ ಹಿಂದೆ ಕುಕ್ಕರುಗಾಲಲ್ಲಿ ಕೂತು, ಪಿಚರ್ ಎಸೆದ ಚೆಂಡನ್ನೆಲ್ಲ ಹಿಡಿಯುವವಳು. ಮದುವೆಯಾದ ಮೇಲೆ ಅದೆಲ್ಲ ನಿಂತಿತ್ತು. ಆಸ್ಟ್ರೇಲಿಯಕ್ಕೆ ಬಂದು ಮೊದಲು ಡ್ಯಾಂಡಿನಾಂಗ್‌ನಲ್ಲಿ ಬಾಡಿಗೆಗಿದ್ದಾಗ, ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ಹಳೆಯ ಚರ್ಮದ ಗ್ಲವ್ ಕಂಡು ಅಲ್ಲೇ ಕೈಗೆ ಹಾಕಿಕೊಂಡವಳು ಮನೆವರೆಗೂ ತೆಗೆಯಲಿಲ್ಲವಂತೆ. ಆ ಗ್ಲವ್ ಹಾಕಿಕೊಂಡೇ ಅವಳು ನನಗೆ ಚೆಂಡು ಎಸೆಯುವುದನ್ನು ಕಲಿಸಿದ್ದು. ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಡ್ರೈವ್‌ವೇ ತುದಿಯಲ್ಲಿ ಕುಕ್ಕರಿಸಿ ಕೂತರೆ ಬೀದಿಯಲ್ಲಿ ನಾಯಿ ಹಿಡಿದು ಹೋಗುವವರು ನಿಂತು ನೋಡುತ್ತಿದ್ದರು. ಅಪ್ಪ ಕ್ರಿಕೆಟ್‌ಗೆಂದು ಹಾಕಿಸಿದ್ದ ಕೇಬಲ್ ಟಿವಿಯಲ್ಲಿ ಬೆಳಗಿನ ಹೊತ್ತು ಅಮೆರಿಕದ ಬೇಸ್‌ಬಾಲ್ ಬರುತ್ತಿತ್ತು. ಅವರ ರಾತ್ರಿ ನಮ್ಮ ಬೆಳಗು. ಆ ವರ್ಷ ಅಲ್ಲಿ ನಲವತ್ತು ದಾಟಿದ ಎಡಗೈ ಪಿಚರ್ ಒಬ್ಬ ‘ಪರ್ಫೆಕ್ಟ್ ಗೇಮ್’ ಆಡಿದ್ದ. ಎಂದರೆ, ಮೊದಲಿಂದ ಕೊನೆಯವರೆಗೆ ಎದುರು ತಂಡದ ಒಬ್ಬನೂ ಓಡಿ ಮುಟ್ಟಬೇಕಾದ ಮೊದಲ ಮೂಲೆಯನ್ನು, ಫಸ್ಟ್ ಬೇಸನ್ನು, ಮುಟ್ಟದ ಹಾಗೆ ಎಸೆಯುವುದು. ನೂರಕ್ಕೂ ಹೆಚ್ಚು ವರ್ಷದ ಇತಿಹಾಸದಲ್ಲಿ ಅಂಥ ಆಟಗಳು ಇಪ್ಪತ್ತನ್ನೂ ಮುಟ್ಟಿರಲಿಲ್ಲ. ಅಮ್ಮ ಅದನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

“ನನ್ನ ವಯಸ್ಸಿನವನು ಕಣೇ! ಅಷ್ಟು ಹೊತ್ತು ಅವನ ಬೆಂಚಲ್ಲಿ ಯಾರೂ ಅವನ ಹತ್ರ ಕೂತಿಲ್ಲ, ಮಾತಾಡ್ಸಿಲ್ಲ. ಪರ್ಫೆಕ್ಟ್ ಗೇಮ್ ಅನ್ನೋ ಮಾತು ಬಾಯಿಗೇ ತರಲ್ಲ. ಮಾತಾಡಿದ್ರೆ ಮುರಿದುಹೋಗುತ್ತೆ ಅಂತ.”

“ದಟ್ಸ್ ಸೋ ವಿಯರ್ಡ್,” ಅಂದಿದ್ದೆ ನಾನು. ಅವಳು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ವಾಡಿಕೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸ್ಟನ್ ತಂಡ ಎಂಬತ್ತಾರು ವರ್ಷಗಳ ಮೇಲೆ ಪ್ರಶಸ್ತಿಯ ಹತ್ತಿರ ಬಂತು. ಆ ತಂಡಕ್ಕೆ ಶಾಪವಿದೆ ಎಂದು ಅಮೆರಿಕದವರೆಲ್ಲ ನಂಬಿದ್ದರು. ಹಿಂದಿನ ವಾರ ನ್ಯೂಯಾರ್ಕ್ ಎದುರು ಮೊದಲ ಮೂರು ಪಂದ್ಯ ಸೋತು, ಉಳಿದ ನಾಲ್ಕನ್ನೂ ಗೆದ್ದು ಬಂದಿದ್ದರು. ಅದುವರೆಗೆ ಅಲ್ಲಿ ಯಾವ ತಂಡವೂ ಹಾಗೆ ಮೇಲೆದ್ದಿರಲಿಲ್ಲ. ಕೊನೆಯ ಪಂದ್ಯದ ದಿನ ಅಮ್ಮ ಸಿಕ್ ಲೀವ್ ಹಾಕಿ, ನನಗೆ ಜ್ವರ ಎಂದು ಶಾಲೆಗೂ ಫೋನ್ ಮಾಡಿದಳು. ಬೆಳಗ್ಗೆಯೇ ಅನ್ನ, ಹುರುಳಿಕಾಳು ಸಾರು, ಪಲ್ಯ ಮಾಡಿಟ್ಟು ನಾವಿಬ್ಬರೂ ಸೋಫಾದಲ್ಲಿ ಕೂತೆವು. ಅಜ್ಜಿ ಬಂದು ಇನ್ನೂ ಮೂರೇ ವಾರವಾಗಿತ್ತು. ಪಾಪ, ಅವರೂ ಹೊತ್ತು ಹೋಗದೆ ಪಕ್ಕದ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದರು. ಊಟದ ಹೊತ್ತಿಗೆ ಬಾಸ್ಟನ್ ಗೆಲುವಿನ ಅಂಚಿಗೆ ಬಂದಿತ್ತು. ಆಗ ಕ್ಯಾಮೆರಾ ಮೈದಾನ ಬಿಟ್ಟು ಆಕಾಶ ತೋರಿಸಿತು. ಚಂದ್ರ ಕೆಂಪಗೆ, ತುಕ್ಕು ಹಿಡಿದ ತಟ್ಟೆಯ ಹಾಗೆ. ಅಮೆರಿಕದಲ್ಲಿ ಅವತ್ತು ಪೂರ್ಣ ಚಂದ್ರಗ್ರಹಣ. ಅಜ್ಜಿಯ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

“ಅದು ಗ್ರಹಣ ಅಲ್ವಾ? ಮೊದಲು ಟಿವಿ ಬಂದ್ ಮಾಡು ಮಾರಾಯ್ತಿ!”

“ಅತ್ತೆ, ಅದು ಅಮೆರಿಕದ್ದು. ಇಲ್ಲಿ ನೋಡಿ, ಬಿಸಿಲು ಹೊಡೀತಿದೆ.”

“ಕಣ್ಣಿಗೆ ಕಂಡಾಯ್ತಲ್ಲ. ಕಂಡ ಮೇಲೆ ಅಮೆರಿಕ ಎಂಥದ್ದು, ಆಸ್ಟ್ರೇಲಿಯ ಎಂಥದ್ದು? ಮಾಡಿಟ್ಟ ಅಡುಗೆ ಎಲ್ಲ ಚೆಲ್ಲು.”

ಅಮ್ಮ ಒಪ್ಪಲಿಲ್ಲ. ಅಜ್ಜಿ ಸಿಡ್ನಿಗೆ ಫೋನ್ ಮಾಡಿಸಿದರು. ಸ್ಪೀಕರಿನಲ್ಲಿ ಅಪ್ಪನ ದನಿ ಪಿಸುಗುಟ್ಟುತ್ತಿತ್ತು, ಸುತ್ತ ಆಫೀಸಿನವರಿದ್ದರು ಅಂತ ಕಾಣುತ್ತೆ.

“ಜ್ಯೋತಿ, ಅಮ್ಮ ಹೇಳಿದ ಹಾಗೆ ಮಾಡು. ಒಂದು ಪಾತ್ರೆ ಸಾರಿಗೆ ಇಷ್ಟು ಆರ್ಗ್ಯುಮೆಂಟ್ ಯಾಕೆ? ನಂಗೆ ಮೀಟಿಂಗ್ ಇದೆ.”

ಅಮ್ಮ ಎದ್ದು ಹೋಗಿ ಸಾರನ್ನು ಸಿಂಕಿಗೆ ಸುರಿದಳು, ಅನ್ನವನ್ನು ಬಿನ್ನಿಗೆ ಹಾಕಿದಳು. ಅವಳು ಪಾತ್ರೆ ಕೆರೆಯುತ್ತಿದ್ದ ಸದ್ದು ನನಗೆ ಕೇಳುತ್ತಿದ್ದಾಗಲೇ ಕೊನೆಯ ಚೆಂಡು ನೆಲಕ್ಕೆ ಪುಟಿದು ಪಿಚರ್ ಕೈಗೆ ಬಂತು. ಅವನು ಅದನ್ನು ಮೆಲ್ಲಗೆ ಫಸ್ಟ್ ಬೇಸಿನವನಿಗೆ ಎಸೆದ. ಎಂಬತ್ತಾರು ವರ್ಷ ಮುಗಿಯಿತು. “ಅಮ್ಮಾ!” ಎಂದು ಕೂಗಿದೆ. ಅವಳು ಒದ್ದೆ ಕೈಯಲ್ಲಿ ಓಡಿ ಬರುವಷ್ಟರಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. “ರಿಪ್ಲೇ ತೋರಿಸ್ತಾರೆ ಬಿಡು,” ಅಂದಳು. ತೋರಿಸಿದರು. ಆದರೆ ಕಾದು ಕೂತವಳಿಗೆ ಮುಗಿದಮೇಲೆ ತೋರಿಸಿದರೆ ಅದು ಅದೇ ಆಗುತ್ತದೆಯೇ? ಬಾಸ್ಟನ್‌ನ ಶಾಪ ಗ್ರಹಣದ ಕೆಳಗೇ ಕಳೆಯಿತು. ನಮ್ಮ ಮನೆಯಲ್ಲಿ ಅವತ್ತು ಮಧ್ಯಾಹ್ನ ಊಟಕ್ಕೆ ಇದ್ದದ್ದು ಬಾಳೆಹಣ್ಣು.

ಅಜ್ಜಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರು ನಂಬಿದ್ದನ್ನು ಉಡುಪಿಯಲ್ಲೂ ಮಾಡಿದರು, ವಿಂಡಮ್ ವೇಲ್‌ನಲ್ಲೂ ಮಾಡಿದರು. ನನ್ನ ಸಿಟ್ಟು ಅಪ್ಪನ ಮೇಲೆ. ಅಜ್ಜಿ ಬರುವ ಮೊದಲಿನ ರಜೆಯಲ್ಲಿ ನಾನೂ ಅಮ್ಮನೂ ಸಿಡ್ನಿಗೆ ಹೋಗಿದ್ದೆವು. ನಾರ್ತ್ ಸಿಡ್ನಿಯಲ್ಲಿ ಅಪ್ಪ ಇನ್ನಿಬ್ಬರ ಜೊತೆ ಒಂದು ಫ್ಲ್ಯಾಟ್ ಹಂಚಿಕೊಂಡಿದ್ದರು. ಅಲ್ಲಿ ಒಂದೇ ಫ್ರಿಜ್. ಮೇಲಿನ ಅರೆಯಲ್ಲಿ ಅಪ್ಪನ ಮೊಸರು, ಕೆಳಗಿನ ಅರೆಯಲ್ಲಿ ಇನ್ನೊಬ್ಬರ ಕೋಳಿ. ನಾವು ಹೋದ ಮಾರನೆಯ ದಿನವೇ ಅಮ್ಮನಿಗೆ ಮುಟ್ಟಾಯಿತು. ಕೆಳಗಿನ ಅಂಗಡಿಯಿಂದ ಪ್ಯಾಡ್ ತಂದುಕೊಟ್ಟವರು ಅಪ್ಪ. ಅಮ್ಮ ಅದೇ ಒಲೆಯಲ್ಲಿ ಅನ್ನ, ತಿಳಿಸಾರು ಮಾಡಿದಳು. ಅಪ್ಪ ಕಿಟಕಿಯ ಪಕ್ಕ ಕೂತು, ಎದುರಿನ ಆಫೀಸ್ ಕಟ್ಟಡಗಳನ್ನು ನೋಡುತ್ತ ಎರಡು ಸಲ ಬಡಿಸಿಕೊಂಡು ಉಂಡರು. “ವಾರಕ್ಕೊಂದ್ಸಲ ಆದ್ರೂ ಇಂಥ ಸಾರು ಸಿಗ್ಬೇಕು,” ಅಂದರು. ಬಹಳ ದಣಿದಿದ್ದರು, ಆ ಸಾರು ಅವರ ಮುಖವನ್ನೇ ಸಡಿಲಿಸಿತ್ತು. ಅವತ್ತು ನನಗೆ ಅಪ್ಪನ ಮೇಲೆ ತುಂಬ ಪ್ರೀತಿ ಬಂತು. ಅದೇ ಅಪ್ಪ ಅಜ್ಜಿ ಬಂದ ಮೇಲೆ ಅಮ್ಮ ಸ್ಟಡಿಯಿಂದ ಹೊರಗೆ ಕಾಲಿಟ್ಟರೆ ದಾರಿ ಬಿಟ್ಟು ಗೋಡೆಗೆ ಸರಿಯುತ್ತಿದ್ದರು. ಮಡಿಯನ್ನು ಸೂಟ್‌ಕೇಸಿನಲ್ಲಿ ಮಡಚಿಟ್ಟು ಬೇಕಾದ ಊರಿನಲ್ಲಿ ಮಾತ್ರ ಬಿಚ್ಚುವವರನ್ನು ಏನೆಂದು ಕರೆಯಬೇಕು?

ಆ ಬೇಸಿಗೆ ನಾನು ವೆರಿಬಿಯ ಒಂದು ಕ್ಲಬ್ಬಿನಲ್ಲಿ ಹುಡುಗರ ಜೊತೆ ಬೇಸ್‌ಬಾಲ್ ಆಡುತ್ತಿದ್ದೆ. ತಂಡದಲ್ಲಿ ನಾನೊಬ್ಬಳೇ ಹುಡುಗಿ. ವಾರಿಜಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ‘ವಾಝ್’ ಆಗಿತ್ತು, ನನಗದು ಇಷ್ಟವಾಗಿತ್ತು. ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ ಪಂದ್ಯ. ಅದೇ ದಿನ ಮಧ್ಯಾಹ್ನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪಂದ್ಯ ಮುಗಿಸಿ ಹೊತ್ತಿಗೆ ಸರಿಯಾಗಿ ಬರುತ್ತೇವೆಂದು ಒಪ್ಪಿಸಿ ಅಮ್ಮ ನನ್ನನ್ನು ಕರೆದುಕೊಂಡು ಹೋದಳು. ಅವತ್ತು ನನ್ನ ಕೈಗೆ ಏನಾಗಿತ್ತೋ. ಚೆಂಡು ಬೆರಳು ಬಿಟ್ಟ ಕ್ಷಣವೇ ಅದು ಎಲ್ಲಿಗೆ ಹೋಗುತ್ತದೆಂದು ತಿಳಿಯುತ್ತಿತ್ತು. ಮೂವರು ಔಟಾದರೆ ಒಂದು ಇನ್ನಿಂಗ್ಸ್ ಮುಗಿಯುತ್ತದೆ. ಮೊದಲನೆಯದರಲ್ಲಿ ಬಂದ ಮೂವರೂ ಔಟ್. ಎರಡನೆಯದರಲ್ಲಿ ಮೂವರೂ ಔಟ್. ಮೂರನೆಯದು ಮುಗಿದು ಬೆಂಚಿಗೆ ಬಂದಾಗ ನನ್ನ ಪಕ್ಕ ಕೂತಿದ್ದ ಹುಡುಗ ಸುಮ್ಮನೆ ಎದ್ದು ಆ ಕಡೆ ಹೋದ. ಯಾರೂ ನನ್ನ ಮುಖ ನೋಡುತ್ತಿಲ್ಲ. ನೀರಿನ ಬಾಟಲಿಯನ್ನು ಬೆಂಚಿನ ತುದಿಯಲ್ಲಿ ಇಟ್ಟು ಹೋದರು. ನನಗೆ ಆಮೇಲೆ ಹೊಳೆಯಿತು. ಅಮ್ಮ ಹೇಳಿದ್ದ ಆ ಮೌನ! ಅಷ್ಟು ಉದ್ದದ ಬೆಂಚಿನಲ್ಲಿ ನಾನೊಬ್ಬಳೇ ಕೂತಿದ್ದೆ, ರಾಣಿಯ ಹಾಗೆ.

ನಾಲ್ಕನೆಯದೂ ಹಾಗೇ ಮುಗಿಯಿತು. ಬೆಂಚಿಗೆ ಬರುವಾಗ ಬೇಲಿಯ ಆಚೆಯಿಂದ ಅಮ್ಮ ಕರೆದಳು.

“ಪುಟ್ಟಾ, ಇಲ್ಲಿ ಬಾ. ತಿರುಗು.”

“ಅಮ್ಮಾ, ಯು ಕಾಂಟ್ ಟಾಕ್ ಟು ಮಿ!”

“ಗೊತ್ತು ಕಣೇ. ಬಾ ಬೇಗ.”

ಬಿಳಿ ಪ್ಯಾಂಟಿನ ಹಿಂದೆ ಸಣ್ಣ ಕಲೆ. ಅಮ್ಮ ಟಾಯ್ಲೆಟ್‌ ಕಟ್ಟಡಕ್ಕೆ ಕರೆದುಕೊಂಡು ಹೋಗಿ, ತನ್ನ ಬ್ಯಾಗಿನಿಂದ ಪ್ಯಾಡ್ ಕೊಟ್ಟು, ಕಾರಿನಲ್ಲಿದ್ದ ನನ್ನ ಕಪ್ಪು ಟ್ರ್ಯಾಕ್ ಪ್ಯಾಂಟ್ ತಂದಳು. ಕೇಳಿದ್ದು ಒಂದೇ ಮಾತು: “ಆಡ್ತೀಯಾ?” ಆಡುತ್ತೇನೆಂದೆ. “ಹಾಗಾದ್ರೆ ನಡಿ.” ಕೋಚ್ ನನ್ನ ಪ್ಯಾಂಟ್ ನೋಡಿ, ಅಮ್ಮನ ಮುಖ ನೋಡಿ, ತಲೆಯಾಡಿಸಿದ. ಅವನು ಟ್ರಕ್ ಓಡಿಸುವವನು, ಮೂವರು ಹೆಣ್ಣುಮಕ್ಕಳ ತಂದೆ. ಐದನೆಯ ಇನ್ನಿಂಗ್ಸ್‌ನಲ್ಲೂ ಮೂವರೂ ಔಟಾದರು. ಮಕ್ಕಳ ಪಂದ್ಯಕ್ಕೆ ಆರೇ ಇನ್ನಿಂಗ್ಸ್, ಉಳಿದದ್ದು ಕೊನೆಯದೊಂದೇ.

ಆ ಹೊತ್ತಿಗೆ ಪೂಜೆಗೆ ಬಂದಿದ್ದ ಅಂಕಲ್ ಒಬ್ಬರ ಕಾರಿನಲ್ಲಿ ಅಪ್ಪ ಬಂದಿಳಿದರು. ಜರಿಪಂಚೆ, ಮೇಲೆ ಜಾಕೆಟ್. ಭಟ್ಟರು ಬಂದು ಕೂತಿದ್ದಾರೆ, ನೀವೆಲ್ಲಿ ಎಂದು ಹುಡುಕಿಕೊಂಡು ಬಂದಿದ್ದರು. ಇನ್ನೊಂದೇ ಇನ್ನಿಂಗ್ಸ್ ಎಂದು ಅಮ್ಮ ಹೇಳಿದ್ದಕ್ಕೆ ಕಾಯಲು ಒಪ್ಪಿಯೂ ಇದ್ದರಂತೆ. ಆಮೇಲೆ, ಇದೇನು ಬೇರೆ ಪ್ಯಾಂಟು ಎಂದು ಕೇಳಿದರು. ಅಮ್ಮ ಸುಳ್ಳು ಹೇಳಲಿಲ್ಲ. ನಾನು ಆಗಲೇ ಪಿಚರ್ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ ನಿಂತಿದ್ದೆ. ಅಪ್ಪ ಬೇಲಿಯ ಗೇಟು ತೆಗೆದು, ಗೆರೆ ದಾಟಿ, ಪಂಚೆ ಎತ್ತಿ ಹಿಡಿದು ಮೈದಾನದ ನಡುವೆ ನಡೆದು ಬಂದರು. ಎರಡೂ ತಂಡದವರು, ಅವರ ಅಪ್ಪ ಅಮ್ಮಂದಿರು ಎಲ್ಲ ನೋಡುತ್ತಿದ್ದರು.

“ಸಾಕು. ನಡಿ ಮನೆಗೆ.”

“ಅಪ್ಪಾ, ಪ್ಲೀಸ್. ತ್ರೀ ಮೋರ್ ಔಟ್ಸ್.”

“ಈ ಸ್ಥಿತೀಲಿ ಹುಡುಗರ ಮಧ್ಯ ಓಡಾಡ್ತಾರಾ? ಅಜ್ಜಿಗೆ ಏನು ಹೇಳ್ಲಿ? ನಡಿ ಅಂದೆ.”

ಕೋಚ್ ಓಡಿ ಬಂದ. “ಮೇಟ್, ಶೀ ಈಸ್ ಥ್ರೋಯಿಂಗ್ ಎ ಪರ್ಫೆಕ್ಟ್ ಗೇಮ್!” ಎಲ್ಲರೂ ನುಂಗಿಕೊಂಡಿದ್ದ ಆ ಮಾತು ಅವನ ಬಾಯಿಂದ ಬಂದೇಬಿಟ್ಟಿತು. ಅಪ್ಪ ನಗುಮುಖದಿಂದ, ಆಫೀಸಿನ ಇಂಗ್ಲಿಷಿನಲ್ಲಿ, “ಸಾರಿ, ಫ್ಯಾಮಿಲಿ ಫಂಕ್ಷನ್,” ಅಂದರು. ನನ್ನ ತೋಳು ಹಿಡಿಯಲು ಬಂದ ಅವರ ಕೈ ಅರ್ಧದಲ್ಲೇ ನಿಂತಿತು. ಮುಟ್ಟುವಂತಿಲ್ಲವಲ್ಲ. ಬರೀ ಬೆರಳು ತೋರಿಸಿ ನನ್ನನ್ನು ಇಳಿಸಿದರು. ಬೇಲಿಯ ಹತ್ತಿರ ಅಮ್ಮ ನಿಂತಿದ್ದಳು. ಅವಳು ಏನಾದರೂ ಹೇಳುತ್ತಾಳೆಂದು ಅವಳನ್ನೇ ನೋಡುತ್ತ ನಡೆದು ಬಂದೆ. ಅವಳು ಕಾರಿನ ಬೀಗದಕೈ ಹುಡುಕುತ್ತಿದ್ದಳು. ಹಿಂದಿನ ಸೀಟಿನ ಮೇಲೆ ಅಪ್ಪ ಟವೆಲ್ ಹಾಸಿದರು. ಅಪ್ಪನಿಗೆ ತಾನು ನನ್ನ ಮಾನ ಕಾಪಾಡಿದೆ ಎಂದೇ ಅನಿಸಿತ್ತು, ಇವತ್ತಿಗೂ ಹಾಗೇ ಅನಿಸುತ್ತದೆ. ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಸ್ಟಡಿಯಲ್ಲಿ ಹೂವು ಹಣ್ಣು, ಬಂದವರ ಬ್ಯಾಗುಗಳು ತುಂಬಿದ್ದವು. ನನ್ನನ್ನು ಗರಾಜಿನಲ್ಲಿ ಕೂರಿಸಿದರು. ಸಿಮೆಂಟ್ ನೆಲ, ಒಂದು ಕ್ಯಾಂಪಿಂಗ್ ಕುರ್ಚಿ, ಬಣ್ಣದ ಡಬ್ಬಗಳು, ಕಾದ ತಗಡಿನ ಬಾಗಿಲು. ಒಳಗಿನ ಬಾಗಿಲು ಒಂದಿಷ್ಟು ತೆರೆದು ಅಜ್ಜಿ ಇಣುಕಿದರು. ಅವರ ಮುಖದಲ್ಲಿ ಸಂತೋಷವಿತ್ತು, ಮೊಮ್ಮಗಳು ದೊಡ್ಡವಳಾದಳಲ್ಲ. “ಬಂಜಿ ಬೇನೆ ಉಂಡಾ?” ಎಂದು ತುಳುವಿನಲ್ಲಿ ಕೇಳಿದರು, ಹೊಟ್ಟೆನೋವು ಇದೆಯಾ ಅಂತ. ಸ್ವಲ್ಪ ಹೊತ್ತಿಗೆ ಜೀರಿಗೆ ಕಷಾಯದ ಲೋಟ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. ಕಷಾಯ ಬಿಸಿಯಾಗಿತ್ತು, ಬೆಲ್ಲ ಹದವಾಗಿತ್ತು. ಕುಡಿದೆ. ರುಚಿಯಾಗಿದ್ದದ್ದಕ್ಕೂ ಸಿಟ್ಟು ಬಂತು. ಬೆಂಚಿನಲ್ಲಿ ಒಬ್ಬಳೇ ಕೂತಿದ್ದು ನೆನಪಾಯಿತು. ಅಲ್ಲೂ ಯಾರೂ ಹತ್ತಿರ ಬರಲಿಲ್ಲ, ಇಲ್ಲೂ ಬರುತ್ತಿಲ್ಲ. ಅಲ್ಲಿ ನನ್ನ ಕೈ ಮಾಡಿದ ಕೆಲಸಕ್ಕೆ ಹೆದರಿದ್ದರು. ಇಲ್ಲಿ ನಾನು ಏನೂ ಮಾಡಿರಲಿಲ್ಲ.

ಒಳಗೆ ಗಂಟೆಯ ಸದ್ದು, ಭಟ್ಟರ ಮಂತ್ರ. “ಯಜಮಾನಿ ಅಮ್ಮ ಎಲ್ಲಿ? ಸಂಕಲ್ಪಕ್ಕೆ ಕೂತ್ಕೊಳ್ಬೇಕು,” ಎಂದು ಅವರು ಕರೆದದ್ದು ಕೇಳಿತು. ಅದೇ ಕ್ಷಣ ಗರಾಜಿನ ಒಳಬಾಗಿಲು ಪೂರ್ತಿ ತೆರೆಯಿತು. ಅಮ್ಮ. ತಲೆಗೆ ಸ್ನಾನ ಮಾಡಿ, ಹಸಿರು ರೇಷ್ಮೆಸೀರೆ ಉಟ್ಟು, ಒದ್ದೆ ಕೂದಲಿಗೆ ತುದಿಗಂಟು ಹಾಕಿದ್ದಳು. ಸೀದಾ ಬಂದು ನನ್ನ ಪಕ್ಕ ಸಿಮೆಂಟ್ ನೆಲದ ಮೇಲೆ ಕೂತಳು. ನನ್ನ ಬಲಗೈ, ಚೆಂಡು ಎಸೆದ ಕೈ, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ಕಿತ್ತುಕೊಂಡೆ. ಮತ್ತೆ ಹಿಡಿದಳು.

ಅಪ್ಪ ಬಾಗಿಲಿಗೆ ಬಂದರು. “ಏನ್ ಮಾಡ್ತಿದ್ದೀ ಜ್ಯೋತಿ? ಭಟ್ರು ಕಾಯ್ತಿದ್ದಾರೆ!”

“ಮುಟ್ಟಿಬಿಟ್ಟೆ ರೀ. ಈಗ ನಾನೂ ಬರೋ ಹಾಗಿಲ್ಲ.”

“ಹುಚ್ಚಾ ನಿಂಗೆ? ಜನ ಎಲ್ಲ ಬಂದು ಕೂತಿದ್ದಾರೆ. ಹೋಗಿ ಇನ್ನೊಂದ್ಸಲ ಸ್ನಾನ ಮಾಡ್ಕೊಂಡ್ ಬಾ.”

“ಮಾಡ್ಕೊಂಡ್ ಬಂದು ಮತ್ತೆ ಮುಟ್ತೀನಿ.”

ಅಪ್ಪ ಒಂದು ಹೆಜ್ಜೆ ಕೆಳಗಿಳಿದರು, ಮತ್ತೆ ಮೇಲೆ ಹತ್ತಿದರು. ದನಿ ತಗ್ಗಿಸಿ, “ನನ್ನ ಮರ್ಯಾದೆ ಕಳೀಬೇಡ. ಅಮ್ಮ ಇದ್ದಾರೆ ಒಳಗೆ,” ಅಂದರು.

“ನಾರ್ತ್ ಸಿಡ್ನೀಲಿ ನಾನು ಮುಟ್ಟಾಗಿದ್ದಾಗ ಮಾಡಿದ ಸಾರು ಎರಡು ಸಲ ಹಾಕಿಸ್ಕೊಂಡ್ರಲ್ಲ? ಒಳಗೆ ಬಂದು ಎಲ್ಲರ ಮುಂದೆ ಅದನ್ನ ಹೇಳ್ಲಾ? ಅಥವಾ ನನ್ನ ಮಗಳ ಹತ್ರ ಕೂತಿರ್ಲಾ?”

ಅಪ್ಪ ಬಾಗಿಲು ಎಳೆದುಕೊಂಡು ಹೋದರು. ಆಮೇಲೆ ಭಟ್ಟರಿಗೆ ಏನು ಹೇಳಿದರೋ, ಒಬ್ಬರೇ ಕೂತು ಪೂಜೆ ಮುಗಿಸಿದರು. ನಾವು ಗರಾಜಿನಲ್ಲೇ ಇದ್ದೆವು. ಅಷ್ಟು ಹೊತ್ತಿನ ಮೇಲೆ ನಾನು ಅವಳ ಜೊತೆ ಆಡಿದ ಮೊದಲ ಮಾತು ಕನ್ನಡದಲ್ಲಿತ್ತು.

“ಗ್ರೌಂಡಲ್ಲಿ ಯಾಕೆ ಹೀಗೆ ಮಾಡ್ಲಿಲ್ಲ?”

“ಆಗ ಹೊಳೀಲಿಲ್ಲ ಕಣೇ,” ಅಂದಳು.

ಆ ಉತ್ತರವನ್ನು ನಾನು ಇನ್ನೂ ಕ್ಷಮಿಸಿಲ್ಲ. ಎಲ್ಲರ ಕಣ್ಣೆದುರು ಮಗಳನ್ನು ಇಳಿಸುತ್ತಿದ್ದಾಗ ತಾಯಿಗೆ ಹೊಳೆಯದೆ ಹೋಗುವ ಹಾಗೆ ಅವಳನ್ನು ಎಷ್ಟು ವರ್ಷ ಪಳಗಿಸಿದ್ದರು! ಅವಳು ಸುಳ್ಳು ಕಾರಣ ಕಟ್ಟಲಿಲ್ಲ ಎನ್ನುವುದು ಮಾತ್ರ ನನಗೆ ಸಮಾಧಾನ. ನನ್ನ ಬದಲು ಎಸೆದ ಹುಡುಗನ ಮೊದಲ ಚೆಂಡನ್ನೇ ಬಾರಿಸಿದರಂತೆ. ಪಂದ್ಯ ಹೇಗೋ ಗೆದ್ದರು. ಆ ಪರ್ಫೆಕ್ಟ್ ಗೇಮ್ ಯಾವತ್ತೂ ಯಾರದ್ದೂ ಆಗಲಿಲ್ಲ.

ಮುಂದಿನ ವಾರ ಅಪ್ಪ ಕೆಲಸವಿದೆ ಎಂದು ಸಿಡ್ನಿಯಿಂದ ಬರಲೇ ಇಲ್ಲ. ಅಜ್ಜಿ ಇಡೀ ವಾರ ಅಮ್ಮನ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ, ಆದರೆ ಅಮ್ಮ ಸ್ಟಡಿಯ ಹಾಸಿಗೆಯನ್ನು ಸುತ್ತಿ ಕಪಾಟಿನಲ್ಲಿಟ್ಟಿದ್ದನ್ನು ನೋಡಿಯೂ ಏನೂ ಅನ್ನಲಿಲ್ಲ. ಶನಿವಾರ ಅಮ್ಮ ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋದಳು. ಕೋಚ್ ಏನೂ ಕೇಳದೆ ಚೆಂಡು ನನ್ನ ಕೈಗೆ ಕೊಟ್ಟ. ಮೊದಲನೆಯವನೇ ನನ್ನ ಚೆಂಡನ್ನು ಬೇಲಿಯವರೆಗೆ ಹೊಡೆದ. ಎರಡನೆಯವನು ಅದಕ್ಕಿಂತ ದೂರ. ಹಿಂದಿನ ವಾರ ಹೇಳಿದಲ್ಲಿಗೆ ಹೋಗುತ್ತಿದ್ದ ಚೆಂಡು ಇವತ್ತು ಎಲ್ಲೆಲ್ಲೋ ಹೋಗುತ್ತಿತ್ತು. ಎದುರಿನ ಬೆಂಚಿನಲ್ಲಿ ನಗು. ಕೋಚ್ ಗೆರೆ ದಾಟಿ ನನ್ನ ಹತ್ತಿರ ಬಂದು, ಸಾಕಾಯಿತಾ, ಬದಲಿಸಲಾ ಎಂದು ಕೇಳಿದ. ಬೇಡ ಅಂದೆ. ಇವತ್ತು ನನ್ನನ್ನು ಇಲ್ಲಿಂದ ಇಳಿಸುವುದಾದರೆ ಬ್ಯಾಟ್ ಹಿಡಿದವರು ಇಳಿಸಲಿ ಅಂದೆ. ಅವನು ಟೋಪಿ ಸರಿಮಾಡಿಕೊಂಡು ವಾಪಸು ಹೋದ. ಅವರು ಹೊಡೆಯುತ್ತಲೇ ಹೋದರು, ನಾನು ಎಸೆಯುತ್ತಲೇ ಹೋದೆ. ಹೀನಾಯವಾಗಿ ಸೋತೆವು.

ಕಾರಿನಲ್ಲಿ ಕೂತಮೇಲೆ ಅಮ್ಮ ನನ್ನ ಕಡೆ ತಿರುಗಿದಳು.

“ಸಿಟ್ಟು ಇಳೀತಾ?”

“ಇಲ್ಲ.”

“ಒಳ್ಳೇದು,” ಅಂದಳು, ಬೀಗದಕೈ ತಿರುಗಿಸುತ್ತ. “ಇಟ್ಕೋ. ನಾನು ನಂದನ್ನ ಬೇಗ ಬಿಟ್ಬಿಟ್ಟೆ.”